ಮುಟ್ಟು ನಿಂತರೆ ಮೈಬಲವೂ ಕುಗ್ಗಬೇಕೆ?

“ಕೂತರ ಏಳಲಾಕ ಆಗಲ್ದು, ಎದ್ದರ ಮೊಳಕಾಲು ಹಿಡಿತಾವ. ಹೊಟ್ಟಿ ಒಂದೇ ಬೆಳಿಲಾಕತ್ತಾದ, ಕೈಕಾಲು ಕಡ್ಡಿ ಆಗ್ಯಾವ.” ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ 50 ದಾಟಿದ ಹೆಣ್ಣುಮಕ್ಕಳಿಂದ ಈ ಮಾತು ಕೇಳಬಹುದು. ಅದಕ್ಕೆ ಮನೆಯವರು ಕೊಡುವ ಉತ್ತರವೂ ಸಿದ್ಧವಾಗಿರುತ್ತದೆ: “ವಯಸ್ಸಾತಲ್ಲ ಯವ್ವ, ಇನ್ನ ಹರೇದವರಂಗ ಇರ್ತದೇನು?” ಅಲ್ಲಿಗೆ ಮಾತು ಮುಗಿಯುತ್ತದೆ. ಯವ್ವ ಗೋಡೆ ಹಿಡಿದು ಎದ್ದು ಒಳಗೆ ಹೋಗುತ್ತಾಳೆ.

ಈ ಉತ್ತರ ಅರ್ಧ ಸತ್ಯ. ವಯಸ್ಸು ಎಲ್ಲರಿಗೂ ಆಗುತ್ತದೆ, ಮುಟ್ಟು ಎಲ್ಲ ಹೆಣ್ಣುಮಕ್ಕಳಿಗೂ ಒಂದು ದಿನ ನಿಲ್ಲುತ್ತದೆ. ಆದರೆ ಅದರ ಜೊತೆಗೆ ಸ್ನಾಯು ಕರಗುವುದು, ಹೊಟ್ಟೆ ಬರುವುದು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಏರುವುದು ಹಣೆಬರಹವೇನೂ ಅಲ್ಲ. ಇದರಲ್ಲಿ ಬಹುಪಾಲನ್ನು ತಡೆಯಬಹುದು, ಈಗಾಗಲೇ ಆಗಿದ್ದರೆ ಎಷ್ಟೋ ಸರಿಪಡಿಸಲೂಬಹುದು. ಇದಕ್ಕೆ ಬೇಕಾದ ಮದ್ದಿನ ಹೆಚ್ಚಿನ ಭಾಗ ನಮ್ಮ ಹೊಲದಲ್ಲಿಯೂ ಅಡುಗೆಮನೆಯಲ್ಲಿಯೂ ಇದೆ. ಅದು ಹೆಣ್ಣುಮಕ್ಕಳ ತಾಟಿಗೆ ಬೀಳುತ್ತಿಲ್ಲ ಎಂಬುದೇ ಈ ವಾರದ ಲೇಖನದ ಮುಖ್ಯ ತಕರಾರು.

ಮುಟ್ಟು ನಿಂತಾಗ ಏನಾಗುತ್ತದೆ?

ಸತತವಾಗಿ 12 ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿನ ಸುಮಾರಿಗೆ ಬರುತ್ತದೆ. ನಮ್ಮ ದೇಶದಲ್ಲಿ ಸುಮಾರು 46-47ಕ್ಕೇ ಬಂದುಬಿಡುತ್ತದೆ. ಅಂದರೆ 75 ವರ್ಷ ಬಾಳುವ ಹೆಣ್ಣುಮಗಳು ತನ್ನ ಆಯುಷ್ಯದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಾಲವನ್ನು ಮುಟ್ಟು ನಿಂತ ಮೇಲೆಯೇ ಕಳೆಯುತ್ತಾಳೆ. ಇಷ್ಟು ದೀರ್ಘ ಕಾಲವನ್ನು ‘ಮುದುಕಿಯಾದಳು’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ.

ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಬಸಿರು-ಬಾಣಂತನಕ್ಕೆ ಮಾತ್ರ ಸಂಬಂಧಪಟ್ಟದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಮೂಳೆಯನ್ನು ಗಟ್ಟಿಯಾಗಿಡುತ್ತದೆ, ರಕ್ತನಾಳಗಳನ್ನು ಕಾಯುತ್ತದೆ, ಸ್ನಾಯುಗಳ ದುರಸ್ತಿಗೆ ನೆರವಾಗುತ್ತದೆ, ಕೊಬ್ಬು ದೇಹದ ಯಾವ ಭಾಗದಲ್ಲಿ ಕೂಡಬೇಕೆಂಬುದನ್ನೂ ನಿರ್ಧರಿಸುತ್ತದೆ. ಅದು ಇರುವಷ್ಟು ದಿನ ಕೊಬ್ಬು ಹೆಚ್ಚಾಗಿ ತೊಡೆ ಮತ್ತು ನಿತಂಬಗಳಲ್ಲಿ ಸೇರುತ್ತದೆ. ಅದು ಇಳಿದಾಗ ಕೊಬ್ಬು ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರತೊಡಗುತ್ತದೆ. ಹೊಟ್ಟೆಯ ಈ ಕೊಬ್ಬು ತೊಡೆಯ ಕೊಬ್ಬಿನಷ್ಟು ಸಾಧುವಲ್ಲ. ಇನ್ಸುಲಿನ್ನಿನ ಕೆಲಸಕ್ಕೆ ಅದು ಅಡ್ಡಿಪಡಿಸುತ್ತದೆ. ಇದೇ ಕಾಲದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯ ಸವೆತ ಅತಿ ವೇಗವಾಗಿ ನಡೆಯುತ್ತದೆ.

ಸ್ನಾಯು ಎಂಬ ಕಣಜ

ಇವೆಲ್ಲದರ ನಡುವೆ ಯಾರ ಗಮನಕ್ಕೂ ಬಾರದೆ ಕರಗುವುದು ಸ್ನಾಯು. 30 ವರ್ಷ ದಾಟಿದ ಮೇಲೆ ಗಂಡಸಿಗೂ ಹೆಂಗಸಿಗೂ ಪ್ರತಿ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತ ಹೋಗುತ್ತದೆ. 60ರ ನಂತರ ಈ ಇಳಿತ ಇನ್ನೂ ಜೋರಾಗುತ್ತದೆ. ಹೆಂಗಸರಲ್ಲಿ ಋತುಬಂಧದ ಸುತ್ತಲಿನ ವರ್ಷಗಳು ಇದಕ್ಕೆ ಇನ್ನೊಂದು ತಳ್ಳು ಕೊಡುತ್ತವೆ. 1989ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ‘ಸಾರ್ಕೊಪೀನಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಎಂದು ಅದರ ಅರ್ಥ. ನಾವು ಸ್ನಾಯುಕ್ಷಯ ಎನ್ನೋಣ. ಹೆಸರಿಲ್ಲದ ಕಾಯಿಲೆಗೆ ಮದ್ದು ಹುಡುಕುವವರಿಲ್ಲ ಎಂಬುದು ಅವರ ವಾದವಾಗಿತ್ತು. ಹೆಸರು ಬಂದು ಮೂರು ದಶಕ ಕಳೆದರೂ ನಮ್ಮ ಹಳ್ಳಿಗಳ ಮಟ್ಟಿಗೆ ಅದು ಇನ್ನೂ ಹೆಸರಿಲ್ಲದ ಕಾಯಿಲೆಯೇ.

ಸ್ನಾಯು ಎಂದರೆ ಭಾರ ಎತ್ತುವ ಯಂತ್ರವಷ್ಟೇ ಅಲ್ಲ. ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಂಡು ಕೂಡಿಡುವ ಕಣಜವೂ ಅದೇ. ಸುಗ್ಗಿಯಲ್ಲಿ ರಾಶಿ ಬಂದಿದೆ, ಆದರೆ ಮನೆಯ ಹಗೇವು ಅರ್ಧ ಮುಚ್ಚಿಹೋಗಿದೆ ಎಂದುಕೊಳ್ಳಿ. ಕಾಳು ಅಂಗಳದಲ್ಲಿಯೇ ಬೀಳಬೇಕಾಗುತ್ತದೆ. ಸ್ನಾಯು ಕರಗಿದ ಮೈಯಲ್ಲಿಯೂ ಹೀಗೆಯೇ ಆಗುತ್ತದೆ. ಮೊದಲಿನಷ್ಟೇ ರೊಟ್ಟಿ, ಮೊದಲಿನಷ್ಟೇ ಅನ್ನ ಉಂಡರೂ ಸಕ್ಕರೆಗೆ ಜಾಗ ಸಾಲದೆ ಅದು ರಕ್ತದಲ್ಲಿ ಉಳಿಯುತ್ತದೆ, ಉಳಿದದ್ದು ಕೊಬ್ಬಾಗಿ ಹೊಟ್ಟೆ ಸೇರುತ್ತದೆ. “ನಾನೇನು ಹೆಚ್ಚಿಗಿ ಉಣ್ಣಂಗಿಲ್ಲ, ಆದ್ರೂ ಸಕ್ರಿ ಹೆಂಗ ಬಂತು?” ಎಂದು ಕೇಳುವ ತಾಯಂದಿರಿಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ.

ತೂಕದ ಯಂತ್ರವನ್ನು ನಂಬಿ ಕೆಡಬೇಡಿ

40ನೇ ವಯಸ್ಸಿನಲ್ಲಿ 55 ಕಿಲೋ ಇದ್ದವರು 55ರಲ್ಲಿಯೂ 55 ಕಿಲೋ ಇದ್ದರೆ ನಾವು ಸಂತೋಷಪಡುತ್ತೇವೆ. ಆದರೆ ಆ ಹದಿನೈದು ವರ್ಷದಲ್ಲಿ ಮೂರು ಕಿಲೋ ಸ್ನಾಯು ಹೋಗಿ ಮೂರು ಕಿಲೋ ಕೊಬ್ಬು ಬಂದಿರಬಹುದು. ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಪುಣೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ ಯಾಜ್ಞಿಕ್ ಅವರು ಭಾರತೀಯರ ಮೈಕಟ್ಟನ್ನು ‘ತೆಳ್ಳಗಿದ್ದೂ ಕೊಬ್ಬಿರುವವರು’ ಎಂದು ಬಣ್ಣಿಸಿದ್ದು ಇದೇ ಕಾರಣಕ್ಕೆ. ಹೊರಗೆ ಸಣಕಲು, ಒಳಗೆ ಕೊಬ್ಬು. ಸ್ನಾಯುಕ್ಷಯ ಮತ್ತು ಬೊಜ್ಜು ಒಂದೇ ಮೈಯಲ್ಲಿ ಕೂಡಿದಾಗ ಎರಡರ ಕೇಡೂ ಸೇರಿ ಬರುತ್ತದೆ. ಸೀರೆ ಉಟ್ಟಾಗ ಕೈಕಾಲು ತೆಳ್ಳಗೆ ಕಾಣುವುದರಿಂದ ಮನೆಯವರಿಗೂ ಅನುಮಾನ ಬರುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಸೊಂಟದ ಸುತ್ತಳತೆ ತೆಗೆದುಕೊಂಡರು. ದೇಶದ ಹೆಂಗಸರಲ್ಲಿ ಶೇ 40 ಮಂದಿಗೆ ಹೊಟ್ಟೆಯ ಬೊಜ್ಜು ಇತ್ತು, ಗಂಡಸರಲ್ಲಿ ಶೇ 12 ಮಂದಿಗೆ. ಓದುಗರು ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಹೆಂಗಸರ ಈ ಅಳತೆಯನ್ನು ತೆಗೆದುಕೊಂಡದ್ದು 15ರಿಂದ 49 ವರ್ಷದವರೆಗೆ ಮಾತ್ರ. ಹೊಟ್ಟೆ ಬರುವ ವಯಸ್ಸು ಶುರುವಾಗುವ ಹೊತ್ತಿಗೆ ಅಳತೆಯ ಟೇಪು ಹಿಂದೆ ಸರಿಯಿತು! ಹೆರುವ ವಯಸ್ಸು ಮುಗಿದ ಹೆಣ್ಣುಮಗಳು ನಮ್ಮ ಲೆಕ್ಕದಿಂದಲೂ ಹೊರಗೆ ಬೀಳುತ್ತಾಳೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

“ಹೊಲದಾಗ ದುಡಿಯೋರಿಗೆ ವ್ಯಾಯಾಮ ಯಾಕ್ರಿ?”

ಇದು ನ್ಯಾಯವಾದ ಪ್ರಶ್ನೆ. ಭೀಮಾ ತೀರದ ಕರಿಮಣ್ಣಿನಲ್ಲಿ ತೊಗರಿ ಕಳೆ ತೆಗೆಯುವ, ಹತ್ತಿ ಬಿಡಿಸುವ, ಕಬ್ಬು ಕಡಿಯುವ ಹೆಣ್ಣುಮಕ್ಕಳಿಗೆ ಮೈ ಬಗ್ಗಿಸಿ ಎಂದು ಹೇಳಲು ನಾಲಗೆ ಏಳುವುದಿಲ್ಲ. ಆದರೆ ದಣಿವು ಬೇರೆ, ಬಲ ಬೇರೆ. ದಿನವಿಡೀ ಬಗ್ಗಿ ಮಾಡುವ ಕೆಲಸ ಸೊಂಟವನ್ನು ದಣಿಸುತ್ತದೆ. ತೊಡೆ, ನಿತಂಬ, ಬೆನ್ನಿನ ದೊಡ್ಡ ಸ್ನಾಯುಗಳಿಗೆ ಏರುತ್ತ ಹೋಗುವ ಭಾರವನ್ನು ಅದು ಕೊಡುವುದಿಲ್ಲ. ಜೊತೆಗೆ ದುಡಿತಕ್ಕೆ ತಕ್ಕ ಸಸಾರಜನಕ ಹೊಟ್ಟೆಗೆ ಬೀಳದಿದ್ದರೆ ಮೈ ತನ್ನ ಸ್ನಾಯುವನ್ನೇ ಕರಗಿಸಿ ಉಪಯೋಗಿಸಿಕೊಳ್ಳುತ್ತದೆ. ಹೀಗಾಗಿ ಜೀವಮಾನವಿಡೀ ದುಡಿದ ಕೈಗಳೂ 55ಕ್ಕೇ ಸೋಲುತ್ತವೆ.

ಎಲ್ಲರೂ ಈಗ ಮೊದಲಿನಂತೆ ದುಡಿಯುತ್ತಿಲ್ಲ ಎಂಬುದೂ ನಿಜ. ಬೀಸುಕಲ್ಲು ಮೂಲೆ ಸೇರಿದೆ, ಹಿಟ್ಟಿನ ಗಿರಣಿ ಬಂದಿದೆ. ರಾಶಿಯನ್ನು ಯಂತ್ರ ಮಾಡುತ್ತದೆ. ಎಷ್ಟೋ ಊರುಗಳಲ್ಲಿ ನೀರಿನ ಕೊಡ ಹೊತ್ತು ಬಾವಿಯಿಂದ ಬರಬೇಕಾಗಿಲ್ಲ. ಈ ಅನುಕೂಲಗಳು ಬಂದದ್ದು ಒಳ್ಳೆಯದೇ, ಅವು ಬೇಡವೆನ್ನುವವನು ಒಂದು ದಿನ ಬೀಸಿ ನೋಡಲಿ. ಆದರೆ ಬೀಸುವಾಗ, ಕುಟ್ಟುವಾಗ, ಹೊರುವಾಗ ಮೈಗೆ ಸಿಗುತ್ತಿದ್ದ ಭಾರದ ಜಾಗಕ್ಕೆ ಬೇರೇನೂ ಬಂದಿಲ್ಲ. 50 ದಾಟಿದ ಮೇಲೆ ಸೊಸೆ ಬಂದಳೆಂದು ಕಟ್ಟೆಯ ಮೇಲೆ ಕೂಡುವ ಅತ್ತೆ, ಆಳಂದ ಪೇಟೆಯಲ್ಲಿ ಅಂಗಡಿ ಗಲ್ಲೆಯ ಹಿಂದೆ ಕೂಡುವ ವೈನಿ, ಶಾಲೆಯಲ್ಲಿ ಕುರ್ಚಿ ಬಿಡದ ಅಕ್ಕೋರು, ಮೂವರ ತೊಡೆಯ ಸ್ನಾಯುವೂ ಒಂದೇ ದಾರಿ ಹಿಡಿಯುತ್ತದೆ.

ನಮ್ಮ ಜಿಲ್ಲೆಯ ಗಾಯ

ಕಲಬುರಗಿ ಜಿಲ್ಲೆಯ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಕಹಿಯಾದ ಮುಖವಿದೆ. “ಗರ್ಭಚೀಲ ತೆಗಿಸೀನ್ರಿ” ಎಂದು 30-35ರ ಹೆಣ್ಣುಮಕ್ಕಳು ಹಲ್ಲು ಕೀಳಿಸಿದಷ್ಟು ಸಲೀಸಾಗಿ ಹೇಳುವುದನ್ನು ಇಲ್ಲಿನವರು ಕೇಳಿಯೇ ಇರುತ್ತೀರಿ. ಹೊಟ್ಟೆನೋವು, ಬಿಳಿ ಮುಟ್ಟು, ಹೆಚ್ಚು ರಕ್ತಸ್ರಾವ ಎಂದು ಹೋದವರಿಗೆ “ತೆಗಿಸದಿದ್ದರೆ ಕ್ಯಾನ್ಸರ್ ಆಗ್ತದ” ಎಂದು ಹೆದರಿಸಿ ಶಸ್ತ್ರಕ್ರಿಯೆ ಮಾಡಿದ ಪ್ರಕರಣಗಳು ಬೆಳಕಿಗೆ ಬಂದು, 2015ರಲ್ಲಿ ಸರ್ಕಾರ ತನಿಖೆ ನಡೆಸಬೇಕಾಯಿತು. ಎರಡು ಸಾವಿರಕ್ಕೂ ಮೇಲ್ಪಟ್ಟು ಶಸ್ತ್ರಕ್ರಿಯೆಗಳ ಲೆಕ್ಕ ಹೊರಬಂತು. ಗರ್ಭಕೋಶ ಕಳೆದುಕೊಂಡವರಲ್ಲಿ ಬಹಳಷ್ಟು ಮಂದಿ ತಾಂಡಾಗಳ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು. 2017ರ ಫೆಬ್ರುವರಿಯಲ್ಲಿ ಅವರು ಕಲಬುರಗಿಯ ಬೀದಿಗಿಳಿದು ನ್ಯಾಯ ಕೇಳಿದರು.

ಇಂಥ ಅನ್ಯಾಯ ಬೇರೆ ರಾಜ್ಯಗಳಲ್ಲಿಯೂ ನಡೆದಿದೆ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಪ್ರಕರಣಗಳ ಬಗ್ಗೆ 2013ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ತೀರ್ಪು ನೀಡಿ, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಇದಕ್ಕೂ ಸ್ನಾಯುಕ್ಷಯಕ್ಕೂ ಏನು ಸಂಬಂಧ ಎನ್ನುವಿರೇನೋ? ನೇರ ಸಂಬಂಧವಿದೆ. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ಕುಸಿಯುತ್ತದೆ. ಸಹಜವಾಗಿ ನಾಲ್ಕಾರು ವರ್ಷಗಳಲ್ಲಿ ಆಗುವ ಬದಲಾವಣೆ ರಾತ್ರಿ ಬೆಳಗಾಗುವುದರೊಳಗೆ ಆಗಿಬಿಡುತ್ತದೆ. ಅಂಡಾಶಯ ಉಳಿಸಿದ್ದರೂ ಹಲವರಲ್ಲಿ ಅವು ನಿರೀಕ್ಷೆಗಿಂತ ಕೆಲವು ವರ್ಷ ಮೊದಲೇ ಸೊರಗುತ್ತವೆ. 32ರಲ್ಲಿ ಅಂಡಾಶಯ ಕಳೆದುಕೊಂಡವಳು 47ನೇ ವಯಸ್ಸಿಗೆ ಬರುವ ಹೊತ್ತಿಗೆ ಹದಿನೈದು ವರ್ಷದ ಋತುಬಂಧವನ್ನು ಆಗಲೇ ಅನುಭವಿಸಿರುತ್ತಾಳೆ. ಮೂಳೆ ಸವೆತ, ಹೃದ್ರೋಗ, ಸಕ್ಕರೆ ಕಾಯಿಲೆ ಇವುಗಳ ಅಪಾಯ ಅವಳಿಗೆ ಹೆಚ್ಚು. ಶಸ್ತ್ರಕ್ರಿಯೆಯ ಹಣ ಪಡೆದವರಾರೂ ಇದನ್ನು ಅವಳಿಗೆ ಹೇಳಿರುವುದಿಲ್ಲ. ತನಿಖೆಯ ವರದಿಗಳು ಕಪಾಟು ಸೇರಿದರೂ ಈ ಹೆಣ್ಣುಮಕ್ಕಳು ನಮ್ಮ ನಡುವೆಯೇ ಇದ್ದಾರೆ, ಈಗ 40-50ರ ಆಸುಪಾಸಿನಲ್ಲಿದ್ದಾರೆ.

ಓದುಗ ತಾಯಂದಿರೇ, ನೀವು ಅಂಥವರಾಗಿದ್ದರೆ ಎರಡು ಕೆಲಸ ಮಾಡಿ. ಶಸ್ತ್ರಕ್ರಿಯೆಯ ಕಾಗದ ಹುಡುಕಿ ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ಎಂದು ವೈದ್ಯರಿಂದ ಓದಿಸಿಕೊಳ್ಳಿ. 45 ವರ್ಷಕ್ಕೆ ಮೊದಲು ತೆಗೆದಿದ್ದರೆ, ಬೇರೆ ತೊಂದರೆ ಇಲ್ಲದವರಿಗೆ ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ಕೊಡುವುದು ವೈದ್ಯಶಾಸ್ತ್ರದಲ್ಲಿ ಒಪ್ಪಿತವಾದ ಕ್ರಮ. ಇದನ್ನು ಸ್ತ್ರೀರೋಗ ತಜ್ಞರ ಜೊತೆ ಮಾತನಾಡಿಯೇ ತೀರ್ಮಾನಿಸಬೇಕು. ಸ್ತನದ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಹೊಂದುವುದಿಲ್ಲ. ಅಂಗಡಿಯಿಂದ ಗುಳಿಗೆ ತಂದು ನುಂಗುವ ವಿಷಯ ಇದಲ್ಲ.

ತೊಗರಿ ಹೊಲದಲ್ಲಿ, ತಿಳಿ ಸಾರು ತಾಟಿನಲ್ಲಿ

ಕಲಬುರಗಿ ತೊಗರಿಯ ಕಣಜ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಈ ಬೇಳೆ ದೇಶದ ಊರೂರಿಗೂ ಹೋಗುತ್ತದೆ. ಅದನ್ನು ಬಿತ್ತಿ, ಕಳೆ ತೆಗೆದು, ಕೊಯ್ದು ಕೊಟ್ಟ ಹೆಣ್ಣುಮಗಳ ಊಟದಲ್ಲಿ ಎಷ್ಟು ಬೇಳೆ ಇದೆ? ಗಂಡಸರು, ಮಕ್ಕಳು ಉಂಡ ಮೇಲೆ ಗಡಿಗೆಯ ತಳದಲ್ಲಿ ಉಳಿದ ಸಾರಿಗೆ ನೀರು ಬೆರೆಸಿ, ಎರಡು ರೊಟ್ಟಿ ಮುರಿದು, ಖಾರ ಹಚ್ಚಿಕೊಂಡು ಎದ್ದರೆ ಊಟ ಮುಗಿಯಿತು. ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಏನೂ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ನಮ್ಮ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಹೇಳಿರುವಂತೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. ವಯಸ್ಸಾದವರಿಗೆ ಸ್ನಾಯು ಉಳಿಸಿಕೊಳ್ಳಲು 1ರಿಂದ 1.2 ಗ್ರಾಂ ಬೇಕೆಂಬುದು ತಜ್ಞರ ಸಲಹೆ. ಅಂದರೆ 50 ಕಿಲೋ ತೂಕದ ತಾಯಿಗೆ 50ರಿಂದ 60 ಗ್ರಾಂ. ಒಂದು ಜೋಳದ ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 6 ಗ್ರಾಂ ಸಸಾರಜನಕ. ದಿನಕ್ಕೆ ಮೂರು ರೊಟ್ಟಿಗೆ 18 ಆಯಿತು. 30 ಗ್ರಾಂ ಬೇಳೆಯಿಂದ ಮಾಡಿದ ಒಂದು ಬಟ್ಟಲು ಗಟ್ಟಿ ಬ್ಯಾಳಿಯಲ್ಲಿ 6ರಿಂದ 7 ಗ್ರಾಂ. ಎರಡು ಹೊತ್ತಿಗೆ 13. ಎರಡು ದೊಡ್ಡ ಚಮಚ ಶೇಂಗಾ ಹಿಂಡಿಯಲ್ಲಿ ಸುಮಾರು 5. ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ 6. ಇವೆಲ್ಲ ಸೇರಿ 42. ಒಂದು ಮೊಟ್ಟೆ ತಿನ್ನುವವರಿಗೆ ಇನ್ನೂ 6, ತಿನ್ನದವರಿಗೆ ಒಂದು ಬಟ್ಟಲು ಮೊಳಕೆ ಹೆಸರು ಅಥವಾ ಮಡಕಿ ಕಾಳು. ಪುಟಾಣಿ ಒಂದು ಹಿಡಿ ಸೇರಿದರೆ 50 ದಾಟಿತು.

ಇದರಲ್ಲಿ ಯಾವುದು ಹೊರಗಿನಿಂದ ಬರಬೇಕಾದದ್ದು? ಯಾವುದೂ ಇಲ್ಲ. ಡಬ್ಬಿಯಲ್ಲಿ ಮಾರುವ ದುಬಾರಿ ಪ್ರೋಟೀನ್ ಪುಡಿ ಯಾರಿಗೂ ಬೇಕಾಗಿಲ್ಲ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ತೊಗರಿಯಲ್ಲಿ ಅದು ಧಾರಾಳ. ರೊಟ್ಟಿ ಮತ್ತು ಬ್ಯಾಳಿ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿ, ಹಲವು ಕಾಳುಗಳ ಭಜ್ಜಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿಗಿಂತ ಒಳ್ಳೆಯ ಊಟವನ್ನು ಯಾವ ಆಹಾರ ತಜ್ಞರೂ ಬರೆದುಕೊಡಲಾರರು. ನಮ್ಮ ತೊಂದರೆ ಏನೆಂದರೆ ಅದು ವರ್ಷಕ್ಕೆ ಒಂದು ದಿನದ ಊಟವಾಗಿದೆ. ಉಳಿದ ದಿನಗಳಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತಿಳಿ ಸಾರು, ನಾಲ್ಕಾರು ಸಲ ಸಕ್ಕರೆ ಹಾಕಿದ ಚಹಾ, ಅದರ ಜೊತೆ ಬಿಸ್ಕತ್ತು ತಾಟನ್ನು ಆಕ್ರಮಿಸಿವೆ.

ಒಪ್ಪತ್ತು, ಶ್ರಾವಣ ಸೋಮವಾರ, ರೋಜಾ ಇವು ಅವರವರ ಶ್ರದ್ಧೆಗೆ ಸೇರಿದವು. ಅವನ್ನು ಬಿಡಿ ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಉಪವಾಸ ಬಿಡುವಾಗ ಸಾಬೂದಾಣಿ ಮತ್ತು ಸಿಹಿಯ ಜೊತೆಗೆ ಶೇಂಗಾ, ಹಾಲು, ಮೊಸರು, ಕಾಳು ಇರಲಿ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲಿ. ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳಿನ ಪ್ರಮಾಣವನ್ನು ವೈದ್ಯರ ಸಲಹೆಯಂತೆಯೇ ಇಟ್ಟುಕೊಳ್ಳಬೇಕು.

ಬೊಜ್ಜು ಇಳಿಸಬೇಕೆಂದು ಒಂದೇ ಹೊತ್ತು ಉಣ್ಣತೊಡಗುವವರಿಗೂ ಒಂದು ಮಾತು. ಬರೀ ಹಸಿವಿನಿಂದ ಇಳಿಸಿದ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಕೊಬ್ಬಲ್ಲ, ಸ್ನಾಯು ಮುಂತಾದ ಬೇಕಾದ ಭಾಗ. ನಾಲ್ಕು ತಿಂಗಳಿಗೆ ಬೇಸತ್ತು ಮೊದಲಿನಂತೆ ಉಂಡಾಗ ಮರಳಿ ಬರುವುದು ಹೆಚ್ಚಾಗಿ ಕೊಬ್ಬೇ. ಕಣಜ ಇನ್ನಷ್ಟು ಸಣ್ಣದಾಗುತ್ತದೆ, ಸಕ್ಕರೆ ಇನ್ನಷ್ಟು ಏರುತ್ತದೆ. ಕಡಿಮೆ ಮಾಡಬೇಕಾದದ್ದು ಸಕ್ಕರೆ, ಕರಿದ ತಿಂಡಿ, ಅನ್ನದ ರಾಶಿ. ಬೇಳೆಯನ್ನಲ್ಲ.

ಕುರ್ಚಿಯೇ ಗರಡಿಮನೆ

1990ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಒಂದು ಧೈರ್ಯದ ಪ್ರಯೋಗ ಮಾಡಿದರು. ಸರಾಸರಿ 90 ವರ್ಷದ ಹತ್ತು ಮಂದಿ ವೃದ್ಧರಿಗೆ 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. 2018ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಮೂಳೆ ಸವೆದ, ಮುಟ್ಟು ನಿಂತ ಹೆಂಗಸರು ತರಬೇತುದಾರರ ಎದುರಿನಲ್ಲಿ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, 8 ತಿಂಗಳು ಭಾರ ಎತ್ತಿದಾಗ ಅವರ ಬೆನ್ನುಮೂಳೆಯ ಸಾಂದ್ರತೆಯೂ ಮೈಬಲವೂ ಸುಧಾರಿಸಿದವು. 90ರಲ್ಲಿ ಆಗುವುದು 55ರಲ್ಲಿ ಏಕೆ ಆಗಬಾರದು?

ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಕೈಯಿಲ್ಲದ, ಅಲುಗಾಡದ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂಡಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದು ತಿಳಿಯಿರಿ. ದರ್ಜಿಯ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗವನ್ನು ಅಳೆಯಿರಿ. 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿರುವ ಸಂಭವವಿದೆ. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದ್ದರೆ ಹೊಟ್ಟೆಯೊಳಗೆ ಕೊಬ್ಬು ಸೇರಿದೆ. ಈ ಮೂರಕ್ಕೆ ಖರ್ಚಾಗುವುದು ಐದು ನಿಮಿಷ.

ಆಮೇಲೆ ಇದೇ ಕುರ್ಚಿ ನಿಮ್ಮ ಗರಡಿಮನೆಯಾಗಲಿ. ವಾರಕ್ಕೆ ಎರಡು ಮೂರು ದಿನ, ಒಂದೊಂದು ದಿನ ಬಿಟ್ಟು ಹೀಗೆ ಮಾಡಿ. ಕುರ್ಚಿಯಿಂದ 8ರಿಂದ 10 ಸಲ ಎದ್ದು ಕೂಡುವುದು. ಗೋಡೆಗೆ ಎರಡೂ ಅಂಗೈ ಊರಿ, ಮೊಳಕೈ ಮಡಿಸಿ ಗೋಡೆಯ ಕಡೆ ಬಾಗಿ ಮತ್ತೆ ತಳ್ಳುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲ ಮೇಲೆ ನಿಲ್ಲುವುದು. ಕೈಚೀಲದಲ್ಲಿ ಎರಡು ಕಿಲೋ ಜೋಳ ಹಾಕಿ, ಬೆನ್ನು ನೆಟ್ಟಗಿಟ್ಟು ಸೊಂಟದವರೆಗೆ ಎತ್ತಿ ಇಳಿಸುವುದು. ಪ್ರತಿಯೊಂದನ್ನೂ ಎರಡು ಮೂರು ಸುತ್ತು. ಸುಲಭವಾದಾಗ ಜೋಳ ಎರಡರಿಂದ ಮೂರು, ಮೂರರಿಂದ ನಾಲ್ಕು ಕಿಲೋ ಆಗಬೇಕು. ಭಾರ ಏರದಿದ್ದರೆ ಬಲ ಏರುವುದಿಲ್ಲ. ಇದೇ ಗುಟ್ಟು. ಉಳಿದ ದಿನ ಅರ್ಧ ಗಂಟೆ ಚುರುಕಾದ ನಡಿಗೆ. ಉಸಿರು ಬಿಗಿ ಹಿಡಿಯಬೇಡಿ. ಎದೆನೋವು, ತಲೆ ತಿರುಗುವುದು ಕಂಡರೆ ನಿಲ್ಲಿಸಿ. ಹೃದಯದ ತೊಂದರೆ, ಏರಿದ ರಕ್ತದೊತ್ತಡ, ಹಿಂದೆ ಮೂಳೆ ಮುರಿತ ಆದವರು ವೈದ್ಯರನ್ನು ಕೇಳಿ ಶುರು ಮಾಡಿ.

ಮೊಳಕಾಲು ನೋವಿಗೆಂದು ಹೆಸರಿಲ್ಲದ ಪುಡಿ, ಬಣ್ಣದ ಗುಳಿಗೆ, ತಿಂಗಳಿಗೊಂದು ಸೂಜಿ ತೆಗೆದುಕೊಳ್ಳುವವರು ಎಚ್ಚರದಿಂದಿರಿ. ಒಂದೇ ರಾತ್ರಿಯಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಇದೆ. ಬಹಳ ದಿನ ತೆಗೆದುಕೊಂಡರೆ ಅದು ಸ್ನಾಯು ಕರಗಿಸುತ್ತದೆ, ಮೂಳೆ ಸವೆಸುತ್ತದೆ, ಸಕ್ಕರೆ ಏರಿಸುತ್ತದೆ, ಮುಖ ಮತ್ತು ಹೊಟ್ಟೆ ಉಬ್ಬಿಸುತ್ತದೆ. ಈಗಾಗಲೇ ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಬಳಿ ಹೋಗಿ ಹಂತಹಂತವಾಗಿ ಬಿಡಬೇಕು. ಇನ್ನೊಂದು ಮಾತು: ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೆ ಬಿಟ್ಟು ತೋರಿಸಿಕೊಳ್ಳಿ.

ಯಾರು ಏನು ಮಾಡಬೇಕು?

ಮನೆಯಲ್ಲಿ ಕುಳಿತು ಮಾಡುವುದನ್ನು ಹೇಳಿದ್ದಾಯಿತು. ಸರ್ಕಾರಕ್ಕೂ ಹೇಳಬೇಕಾದದ್ದಿದೆ. 30 ದಾಟಿದ ಎಲ್ಲರ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಉಪಕೇಂದ್ರ ಮಟ್ಟದಲ್ಲಿ ನಡೆಯಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವಿದೆ. ಅದೇ ತಪಾಸಣೆಯಲ್ಲಿ ಒಂದು ಟೇಪು, ಒಂದು ಕುರ್ಚಿ ಸೇರಿಸಿದರೆ ಸ್ನಾಯುಕ್ಷಯವೂ ಪತ್ತೆಯಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ. ಬಸುರಿ-ಬಾಣಂತಿಯರ ಹೆಸರನ್ನು ಬರೆದಿಟ್ಟುಕೊಳ್ಳುವಷ್ಟೇ ಶ್ರದ್ಧೆಯಿಂದ, 45ಕ್ಕೆ ಮೊದಲು ಗರ್ಭಕೋಶ ಅಥವಾ ಅಂಡಾಶಯ ತೆಗೆಸಿಕೊಂಡವರ ಹೆಸರನ್ನೂ ಊರೂರಲ್ಲಿ ಬರೆದಿಡಬೇಕು. ವರ್ಷಕ್ಕೊಮ್ಮೆ ಅವರ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ನೋಡಬೇಕು, ಮೂಳೆಯ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ನಮ್ಮ ಜಿಲ್ಲೆ ಅವರಿಗೆ ಕೊಡಬೇಕಾದ ಸಾಲ ಇದು. ಪಡಿತರದಲ್ಲಿ ಅಕ್ಕಿಯಷ್ಟೇ ಖಾತ್ರಿಯಾಗಿ ತೊಗರಿ ಬೇಳೆಯೂ ಸಿಗುವಂತಾಗಬೇಕು. ತೊಗರಿ ಬೆಳೆಯುವ ನಾಡಿನಲ್ಲಿ ಇದನ್ನು ಕೇಳಬೇಕಾಗಿ ಬಂದಿರುವುದೇ ಸೋಜಿಗ.

ಸ್ವಸಹಾಯ ಸಂಘಗಳ ಅಕ್ಕಂದಿರು ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದ ಮೇಲೆ ಹದಿನೈದು ನಿಮಿಷ ಕೂಡಿ ಈ ವ್ಯಾಯಾಮ ಮಾಡಬಹುದು. ಒಬ್ಬರೇ ಮಾಡಲು ನಾಚಿಕೆ, ಹತ್ತು ಮಂದಿ ಮಾಡಿದರೆ ನಗೆಚಾಟಿಕೆ ಸೇರಿ ಹುರುಪು ಬರುತ್ತದೆ. ಗರ್ಭಕೋಶ ತೆಗೆಸಬೇಕೆಂದು ಯಾರಾದರೂ ಹೇಳಿದರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿಯೇ ಮುಂದುವರಿಯಿರಿ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಹಣ ಬೇಕಾಗಿಲ್ಲ, ಹೋಗಿಬರುವ ಖರ್ಚಿನ ನೆಪವೂ ಇಲ್ಲ.

ಕೊನೆಗೆ ಮನೆಯ ಗಂಡಸರಿಗೆ, ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. ನಿಮ್ಮ ಅವ್ವ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರೆ ಶಸ್ತ್ರಕ್ರಿಯೆಗೆ ಸಾಲ ಮಾಡುತ್ತೀರಿ, ತಿಂಗಳುಗಟ್ಟಲೆ ಆರೈಕೆ ಮಾಡುತ್ತೀರಿ. ಅದಕ್ಕಿಂತ ಮೊದಲೇ ದಿನಕ್ಕೊಂದು ಬಟ್ಟಲು ಗಟ್ಟಿ ಬ್ಯಾಳಿ ಅವಳ ತಾಟಿಗೆ ಬೀಳುವಂತೆ ನೋಡಿಕೊಂಡರೆ ಖರ್ಚೂ ಕಡಿಮೆ, ಕಣ್ಣೀರೂ ಕಡಿಮೆ. “ಅವ್ವ ಆಮೇಲೆ ಉಣ್ತಾಳ” ಎನ್ನುವುದನ್ನು ಬಿಡಿ. ಇಂದು ರಾತ್ರಿ ಅವಳನ್ನೂ ಜೊತೆಗೆ ಕೂಡಿಸಿಕೊಂಡು ಉಣ್ಣಿ, ಬ್ಯಾಳಿ ಮೊದಲು ಅವಳಿಗೆ ಬಡಿಸಿ.